ಸುಮ್ಮನೆ ಕೂರಲಾರದ ಮಗು

ಒಂದೆಡೆ ಕೂರಲಾರದ, ಹೇಳಿದ್ದಕ್ಕೆ ಗಮನ ಕೊಡದ ಮಗುವನ್ನು ನಾವು ತುಂಟನೆನ್ನುತ್ತೇವೆ. ವೈದ್ಯರು ಕೆಲವೊಮ್ಮೆ ಅದನ್ನು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ ಎನ್ನುತ್ತಾರೆ. ಇದು ಕಟ್ಟುಕಥೆಯಲ್ಲ, ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಬಡತನದಲ್ಲಿ ಬೆಳೆಯುವ ಮಕ್ಕಳಲ್ಲಿಯೂ ಅವಧಿಗೆ ಮುನ್ನ ಹುಟ್ಟಿದವರಲ್ಲಿಯೂ ಇದು ಹೆಚ್ಚು. ಆದರೆ ಯಾವ ಮಗುವಿಗೆ ಈ ಹೆಸರು ಅಂಟುತ್ತದೆಂಬುದು ಮಗುವೊಂದರಿಂದಲೇ ತೀರ್ಮಾನವಾಗುವುದಿಲ್ಲ.

ಅಮೆರಿಕವನ್ನೇ ನೋಡಿ. 2011ರ ಸಮೀಕ್ಷೆಯಲ್ಲಿ ಕೆಂಟಕಿ ರಾಜ್ಯದ 4ರಿಂದ 17 ವರ್ಷದ ಮಕ್ಕಳಲ್ಲಿ ಶೇ. 18.7ರಷ್ಟು ಮಂದಿಗೆ ಈ ತೊಂದರೆಯಿದೆಯೆಂದು ವೈದ್ಯರು ಹೇಳಿದ್ದಾಗಿ ಹೆತ್ತವರು ತಿಳಿಸಿದರು. ನೆವಾಡದಲ್ಲಿ ಕೇವಲ ಶೇ. 5.6. ರಾಜ್ಯ ಬದಲಾದರೆ ಮಕ್ಕಳ ಮಿದುಳು ಅಷ್ಟೊಂದು ಬದಲಾದೀತೇ? ಸ್ಟೀಫನ್ ಹಿನ್‌ಶಾ ಮತ್ತು ರಿಚರ್ಡ್ ಶೆಫ್ಲರ್ 2014ರ ತಮ್ಮ ಗ್ರಂಥದಲ್ಲಿ ಶಾಲೆಗಳ ಕಡೆಗೆ ಬೊಟ್ಟು ಮಾಡಿದರು. ಪರೀಕ್ಷೆಯ ಅಂಕಗಳಿಗೆ ಶಾಲೆಯನ್ನೇ ಹೊಣೆಯಾಗಿಸುವ ಕಾನೂನು ಹೊಸದಾಗಿ ಬಂದ ರಾಜ್ಯಗಳಲ್ಲಿ ಬಡ ಮಕ್ಕಳಿಗೆ ಈ ಹೆಸರು ಅಂಟುವುದು ವೇಗವಾಗಿ ಏರಿತ್ತು.

2018ರ ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡಿದೆ. ಸೆಪ್ಟೆಂಬರ್ 1ರೊಳಗೆ 5 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ ನೀಡುವ ರಾಜ್ಯಗಳಲ್ಲಿ, ಆಗಸ್ಟಿನಲ್ಲಿ ಹುಟ್ಟಿದ 10,000 ಮಕ್ಕಳಲ್ಲಿ ಸುಮಾರು 85 ಮಂದಿಗೆ ಈ ತೊಂದರೆಯಿದೆಯೆಂದು ದಾಖಲಾಗಿತ್ತು. ಸೆಪ್ಟೆಂಬರಿನಲ್ಲಿ ಹುಟ್ಟಿದವರಲ್ಲಿ ಸುಮಾರು 64 ಮಂದಿಗೆ. ಆಗಸ್ಟಿನ ಮಗು ತರಗತಿಗೆಲ್ಲ ಕಿರಿಯದು, ಸೆಪ್ಟೆಂಬರಿನದು ಹಿರಿಯದು. ಐದಾರು ವರ್ಷದ ಬಾಳಿನಲ್ಲಿ ಹನ್ನೊಂದು ತಿಂಗಳು ಅಲ್ಪವೇನಲ್ಲ. ಅಲ್ಲಿ ಎಷ್ಟೋ ಸಲ ಎಳೆತನವೇ ಕಾಯಿಲೆಯೆನಿಸಿಕೊಂಡಿದೆ.

ನಮ್ಮ ಧರ್ಮಪ್ರಾಂತ್ಯಗಳ ಶಾಲೆಗಳಲ್ಲಿಯೂ ಹೆಚ್ಚುಕಡಿಮೆ ಒಂದು ವರ್ಷದ ಅಂತರವಿರುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಆದರೂ ನಮ್ಮ ತಪ್ಪು ಬಹುಮಟ್ಟಿಗೆ ಬೇರೆ ಬಗೆಯದೆಂದು ನನ್ನ ಅನಿಸಿಕೆ. ನಿಜವಾಗಿ ತೊಂದರೆಯುಳ್ಳ ಮಗು ಇಲ್ಲಿ ಉಡಾಳನೆನಿಸಿಕೊಂಡು ಬೆತ್ತದ ಏಟು ತಿನ್ನುತ್ತದೆ, ಅದೂ 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ಮೇಲೂ. ಅನಗತ್ಯವಾದ ಗುಳಿಗೆಯಾಗಲಿ ಬೆತ್ತವಾಗಲಿ, ಎರಡೂ ಕಡೆ ಹಿರಿಯರ ನೆಮ್ಮದಿಯೇ ಮಗುವಿಗಿಂತ ದೊಡ್ಡದಾಗಿದೆ.

ಸಂತ ಮಾರ್ಕರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಮಕ್ಕಳನ್ನು ಕರೆತಂದವರನ್ನು ಶಿಷ್ಯರು ಗದರಿಸುತ್ತಾರೆ. ಗದ್ದಲವಾದೀತೆಂಬ ಕಾಳಜಿ ಅವರಿಗಿದ್ದಿರಬಹುದು. ಯೇಸುಸ್ವಾಮಿ ಸಿಟ್ಟಾದದ್ದು ಶಿಷ್ಯರ ಮೇಲೆ, ಮಕ್ಕಳ ಮೇಲಲ್ಲ.

ನೀವು ಶಿಕ್ಷಕರಾಗಿದ್ದರೆ, ಮಗುವಿಗೆ ಯಾವುದೇ ಹೆಸರಿಡುವ ಮೊದಲು ದಾಖಲಾತಿ ಪುಸ್ತಕದಲ್ಲಿ ಅದರ ಹುಟ್ಟಿದ ದಿನಾಂಕವನ್ನು ನೋಡಿರಿ. ರಾತ್ರಿ ನಿದ್ರೆ ಬಂದಿತ್ತೇ, ಬೆಳಿಗ್ಗೆ ಉಂಡು ಬಂದಿದೆಯೇ ಎಂದು ಕೇಳಿರಿ. ಮನೆಯಲ್ಲಿಯೂ ಶಾಲೆಯಲ್ಲಿಯೂ ತಿಂಗಳುಗಟ್ಟಲೆ ಅದೇ ಕಷ್ಟ ಕಂಡುಬಂದರೆ ಮಕ್ಕಳ ಮನೋವೈದ್ಯರ ಬಳಿಗೆ ಕರೆದೊಯ್ಯಲು ಹೆತ್ತವರಿಗೆ ಧೈರ್ಯ ಹೇಳಿರಿ. ಅವರು ಔಷಧ ಬರೆದುಕೊಟ್ಟರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.