ಕರ್ನೆಲ್ಲಿನ ಮೈಲಿಗೆ

ಲಿನಕ್ಸ್ ಕರ್ನೆಲ್ಲಿಗೆ ಒಂದು ಅಭ್ಯಾಸವಿದೆ. ತನ್ನ ಮೂಲ ಸಂಗ್ರಹಕ್ಕೆ ಸೇರದ ಮಾಡ್ಯೂಲ್ ಒಂದು ಒಳಗೆ ಬಂದಾಗ ಅದು ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದಿಡುತ್ತದೆ: ಹೊರಗಿನ ಮಾಡ್ಯೂಲ್ ಬಂದಿದೆ, ಆದ್ದರಿಂದ ಕರ್ನೆಲ್ ‘ಟೇಂಟೆಡ್’ ಆಗಿದೆ. ಈ ಪದಕ್ಕೆ ನಿಘಂಟಿನಲ್ಲಿ ಕಳಂಕಿತ, ಕಲುಷಿತ ಎಂದೆಲ್ಲ ಅರ್ಥ ಸಿಗುತ್ತದೆ. ನನಗೆ ಮೊದಲು ಹೊಳೆದದ್ದು ಮಾತ್ರ ಮೈಲಿಗೆ. ಆ ಮಾಡ್ಯೂಲನ್ನು ಆಮೇಲೆ ತೆಗೆದುಹಾಕಿದರೂ ಗುರುತು ಅಳಿಯುವುದಿಲ್ಲ, ಯಂತ್ರವನ್ನು ಮತ್ತೆ ಮೊದಲಿಂದ ಶುರು ಮಾಡಬೇಕು. ಮುಟ್ಟಿದ್ದನ್ನು ಬಿಟ್ಟರೂ ಸ್ನಾನವಾಗುವ ತನಕ ಮೈಲಿಗೆ ಕಳೆಯದು ಎನ್ನುವ ನಮ್ಮ ಮನೆಗಳ ನಿಯಮದ ಹಾಗೆ.

ಹೋಲಿಕೆ ಅಲ್ಲಿಗೆ ಮುಗಿಯುತ್ತದೆಯೇ, ಇನ್ನೂ ಮುಂದಕ್ಕೆ ಹೋಗುತ್ತದೆಯೇ ಎಂದು ಯೋಚಿಸುವ ಸಂದರ್ಭ ಬಂದದ್ದು ಒಂದು ಸಣ್ಣ ಯುಎಸ್‌ಬಿ ಅಡಾಪ್ಟರಿನಿಂದ. ಪುಣೆಯಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಧಾರವಾಡದ ಕಡೆಯ ಅಕ್ಕ ಒಬ್ಬರಿದ್ದಾರೆ. ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುತ್ತಾರೆ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತಾಗ, ಅವರ ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವಲ್ಲದ್ದರಿಂದ, ಅದಕ್ಕೆ ಉಬುಂಟು ಹಾಕಿಕೊಟ್ಟಿದ್ದೆ. ಅದರ ಎಚ್‌ಡಿಎಂಐ ಕಿಂಡಿ ಕೆಟ್ಟಿತ್ತು. ಒಂದು ಪರದೆಯಲ್ಲಿ ಮೂಲ, ಇನ್ನೊಂದರಲ್ಲಿ ಅನುವಾದ ಇಟ್ಟುಕೊಳ್ಳಬೇಕೆಂದು ಯುಎಸ್‌ಬಿಯಿಂದ ಮಾನಿಟರ್ ನಡೆಸುವ ಅಡಾಪ್ಟರ್ ತರಿಸಿದ್ದರು. ನಾನು ಕೀಲಿಮಣೆಯ ಮುಂದೆ ಕೂತಾಗ ಕೇಳಿದರು: “ಇದನ್ನ ಹಾಕಿದ್ರ ಏನೂ ತ್ರಾಸ ಇಲ್ಲಲ್ಲಪಾ?”

“ಇಲ್ಲ ಅಕ್ಕಾ” ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮಾತನ್ನು ನಾನು ಯಾವ ಆಧಾರದ ಮೇಲೆ ಹೇಳಬಹುದು?

ಈ ಅಡಾಪ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿದರೆ ಪ್ರಶ್ನೆಯ ತೂಕ ತಿಳಿಯುತ್ತದೆ. ಎಚ್‌ಡಿಎಂಐ ತಂತಿಯಲ್ಲಿ ಗ್ರಾಫಿಕ್ಸ್ ಚಿಪ್‌ನಿಂದ ಚಿತ್ರ ನೇರವಾಗಿ ಮಾನಿಟರಿಗೆ ಹೋಗುತ್ತದೆ. ಯುಎಸ್‌ಬಿ ಅಡಾಪ್ಟರಿಗೆ ಆ ದಾರಿ ಇಲ್ಲ. ಮೊದಲು ಕಂಪ್ಯೂಟರಿನೊಳಗೆ ಒಂದು ತೋರಿಕೆಯ ಪರದೆ ಹುಟ್ಟಬೇಕು. ಅದರ ಮೇಲೆ ಮೂಡಿದ್ದನ್ನೆಲ್ಲ ಒಂದು ಪ್ರೋಗ್ರಾಂ ಎತ್ತಿಕೊಂಡು, ಹಿಂಡಿ ಚಿಕ್ಕದು ಮಾಡಿ, ಯುಎಸ್‌ಬಿಯಲ್ಲಿ ಕಳಿಸಬೇಕು. ಆಚೆ ಕಡೆಯ ಚಿಪ್ ಅದನ್ನು ಬಿಡಿಸಿ ಮಾನಿಟರಿಗೆ ಕೊಡುತ್ತದೆ. ಎಂದರೆ ಎರಡನೇ ಪರದೆಯ ಪ್ರತಿ ಅಕ್ಷರವೂ ಮಧ್ಯದಲ್ಲಿ ಒಬ್ಬರ ಕೈದಾಟಿ ಹೋಗುತ್ತದೆ.

ಆ ‘ಒಬ್ಬರು’ ಯಾರು? ಈ ಬಗೆಯ ಚಿಪ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಡಿಸ್‌ಪ್ಲೇಲಿಂಕ್. ಅದರ ಹಳೆಯ ಯುಎಸ್‌ಬಿ 2.0 ಚಿಪ್‌ಗಳಿಗೆ ಬೇಕಾದ ತಂತ್ರಾಂಶವನ್ನು ಕಂಪನಿ 2009ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿತು. ಅವುಗಳ ಡ್ರೈವರ್ ಯುಡಿಎಲ್ ಎಂಬ ಹೆಸರಿನಲ್ಲಿ ಇವತ್ತು ಕರ್ನೆಲ್ಲಿನೊಳಗೇ ಇದೆ. ಯುಎಸ್‌ಬಿ 3.0 ಚಿಪ್‌ಗಳದ್ದು ಬೇರೆ ಕಥೆ. 2015ರಿಂದ ಅವುಗಳಿಗೂ ಲಿನಕ್ಸ್ ಡ್ರೈವರ್ ಇದೆ, ಆದರೆ ಎರಡು ಭಾಗವಾಗಿ. ತೋರಿಕೆಯ ಪರದೆ ಸೃಷ್ಟಿಸುವ ಇವಿಡಿಐ ಎಂಬ ಮಾಡ್ಯೂಲ್ ಮುಕ್ತ. ಅದರ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದು. ಚಿತ್ರವನ್ನು ಎತ್ತಿ ಹಿಂಡಿ ಕಳಿಸುವ ಡಿಸ್‌ಪ್ಲೇಲಿಂಕ್ ಮ್ಯಾನೇಜರ್ ಮುಚ್ಚಿದ ಪೆಟ್ಟಿಗೆ. ಅದು ನಡೆಯುವುದು ರೂಟ್ ಅಧಿಕಾರದಲ್ಲಿ, ಅಂದರೆ ಇಡೀ ಮನೆಯ ಬೀಗದ ಗೊಂಚಲು ಅದರ ಸೊಂಟದಲ್ಲಿರುತ್ತದೆ.

ಈಗ ಕರ್ನೆಲ್ಲಿನ ಮೈಲಿಗೆ ಯಾರಿಗೆ ತಗಲುತ್ತದೆ ನೋಡಿ. ಇವಿಡಿಐ ಒಳಗೆ ಬಂದ ಕೂಡಲೇ ಗುರುತು ಬೀಳುತ್ತದೆ. ಬೇರೆ ದೋಷವಿಲ್ಲದ ಯಂತ್ರದಲ್ಲಿ ಕರ್ನೆಲ್ಲನ್ನು ವಿಚಾರಿಸಿದರೆ 4096 ಎಂಬ ಸಂಖ್ಯೆ ಕೊಡುತ್ತದೆ. ಹೊರಗಿನ ಮಾಡ್ಯೂಲ್ ಇದೆ ಎಂಬುದರ ಸಂಕೇತ ಅದು. ಎಲ್ಲವನ್ನೂ ಬಿಚ್ಚಿ ತೋರಿಸಿದವನಿಗೆ ಮೈಲಿಗೆ. ಮುಚ್ಚಿದ ಪೆಟ್ಟಿಗೆ ಕರ್ನೆಲ್ಲಿನ ಹೊಸ್ತಿಲು ದಾಟಿ ಒಳಗೆ ಬರುವುದೇ ಇಲ್ಲ, ಪಡಸಾಲೆಯಲ್ಲೇ ಕೂತು ಕೆಲಸ ಮಾಡುತ್ತದೆ. ಆದ್ದರಿಂದ ಅದಕ್ಕೆ ಯಾವ ಗುರುತೂ ಇಲ್ಲ. ನಮ್ಮ ಮಡಿಯ ಲೆಕ್ಕಗಳೂ ಹೀಗೇ ಅಲ್ಲವೇ? ಯಾರು ಎಲ್ಲಿಯವರು, ಯಾವ ಬಾಗಿಲಿನಿಂದ ಬಂದರು ಎಂದು ನೋಡುತ್ತವೆ. ಒಳಗೆ ಏನಿದೆ ಎಂದು ನೋಡುವುದಿಲ್ಲ.

ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ನಮ್ಮಲ್ಲಿ ಮೈಲಿಗೆ ಎಂದರೆ ಹೊರಗಿಡುವುದು. ಅದನ್ನು ಹುಟ್ಟಿಗೇ ಅಂಟಿಸಿ ಮನುಷ್ಯರನ್ನು ತಲೆಮಾರುಗಳ ಕಾಲ ಬಾವಿಯಿಂದ, ಗುಡಿಯಿಂದ ದೂರ ನಿಲ್ಲಿಸಿದ್ದೇವೆ. ಕರ್ನೆಲ್ ಗುರುತಿಟ್ಟ ಮಾಡ್ಯೂಲಿಗೆ ಕೆಲಸ ನಿರಾಕರಿಸುವುದಿಲ್ಲ. ನಾಳೆ ಯಂತ್ರ ಕುಸಿದುಬಿದ್ದು ಯಾರಾದರೂ ದೂರು ತಂದರೆ, ಇಲ್ಲಿ ನಾವು ಪರಿಶೀಲಿಸದ ವಸ್ತು ಒಂದಿತ್ತು ಎಂದು ಗೊತ್ತಾಗಲಿ ಎಂಬಷ್ಟೇ ಉದ್ದೇಶ. ಅದು ತೀರ್ಪಲ್ಲ, ಲೆಕ್ಕ.

ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಈ ಲೆಕ್ಕ ಇನ್ನೂ ಖಾಸಗಿಯಾಗುತ್ತದೆ. ಉಬುಂಟುವಿನಲ್ಲಿ ಸಹಿ ಇಲ್ಲದ ಮಾಡ್ಯೂಲನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ನಾವೇ ಒಂದು ಕೀಲಿ ಮಾಡಿ, ಯಂತ್ರ ಮತ್ತೆ ಶುರುವಾಗುವಾಗ ಬರುವ ನೀಲಿ ಪರದೆಯಲ್ಲಿ ಅದನ್ನು ನೋಂದಾಯಿಸಬೇಕು. ಅದರ ಹೆಸರು ಮಷಿನ್ ಓನರ್ ಕೀ, ಯಂತ್ರದ ಒಡೆಯರ ಕೀಲಿ. ಅಕ್ಕ ಒಡತಿ, ಟೈಪ್ ಮಾಡುವವನು ನಾನು. ಇವಿಡಿಐಯನ್ನು ಓದಬಹುದಾದರೂ ನಾನು ಓದಿಲ್ಲ, ಅವರಂತೂ ಓದುವುದಿಲ್ಲ. ಸಹಿ ಮಾತ್ರ ಅವರ ಹೆಸರಿನಲ್ಲಿ ಬೀಳುತ್ತದೆ. ಊರಲ್ಲಿ ಓದು ಬಾರದವರಿಂದ ಪತ್ರಗಳ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದವರ ಕಥೆಗಳನ್ನು ಕೇಳಿ ಬೆಳೆದವರು ನಾವು. ಅಲ್ಲಿ ಅನ್ಯಾಯವಿದ್ದದ್ದು ಹೆಬ್ಬೆಟ್ಟಿನಲ್ಲಲ್ಲ, ಪತ್ರದಲ್ಲೇನಿದೆ ಎಂದು ಓದಿ ಹೇಳದೇ ಇದ್ದದ್ದರಲ್ಲಿ.

ಇದಕ್ಕೆ ಒಂದು ಖಡಾಖಂಡಿತ ಉತ್ತರವಿದೆ: ಒಳಗೇನಿದೆ ಎಂದು ನೋಡಲಾಗದ್ದನ್ನು ಬಳಸಲೇಬಾರದು. ರಿಚರ್ಡ್ ಸ್ಟಾಲ್ಮನ್ ಆ ಹಾದಿ ಹಿಡಿದವರು. ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಜೆರಾಕ್ಸ್ ಪ್ರಿಂಟರಿನ ಮೂಲ ಸಂಕೇತವನ್ನು ಅವರಿಗೆ ಕೊಡಲು ನಿರಾಕರಿಸಿದ್ದು ಅವರನ್ನು ಆ ಕಡೆಗೆ ತಿರುಗಿಸಿದ ಘಟನೆಗಳಲ್ಲೊಂದು. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. ಅಂಥ ಹಟ ಇಲ್ಲದಿದ್ದರೆ ಅಕ್ಕನ ಹಳೆಯ ಲ್ಯಾಪ್‌ಟಾಪಿಗೆ ಹಾಕಲು ನನ್ನ ಬಳಿ ಏನೂ ಇರುತ್ತಿರಲಿಲ್ಲ. ಹಾಗಾಗಿ ಆ ಮಡಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಹಟದ ಬೆಲೆಯನ್ನು ಹಟ ಹಿಡಿದವರು ತೆರಬೇಕು. ನನ್ನ ತತ್ವಕ್ಕಾಗಿ ಅಕ್ಕ ಒಂದೇ ಪರದೆಯಲ್ಲಿ ಕಣ್ಣು ಕಿರಿದು ಮಾಡಿ ಕೂರಲಿ ಎನ್ನುವುದು ತತ್ವನಿಷ್ಠೆಯಲ್ಲ.

ಇನ್ನೊಂದು ಉತ್ತರ ನಮ್ಮಂಥ ಐಟಿಯವರದು: ನಡೆಯುತ್ತಲ್ಲ, ಸಾಕು ಬಿಡಿ. ವೈಫೈ ಚಿಪ್‌ನೊಳಗಿನ ಫರ್ಮ್‌ವೇರನ್ನು ಯಾರು ಓದಿದ್ದಾರೆ, ಇದೊಂದಕ್ಕೆ ಯಾಕೆ ಇಷ್ಟು ಮಾತು? ವಾದದಲ್ಲಿ ಹುರುಳಿದೆ. ಆದರೆ ಎಲ್ಲೆಡೆ ಕತ್ತಲಿದೆ ಎಂಬುದು, ಎಲ್ಲಿ ಕತ್ತಲಿದೆ ಎಂದು ಹೇಳದೇ ಇರುವುದಕ್ಕೆ ಕಾರಣವಾಗಲಾರದು.

ಈ ಎರಡರ ನಡುವೆ ಡೆಬಿಯನ್ ಬಳಗ ಕಂಡುಕೊಂಡ ದಾರಿ ನನಗೆ ಹಿಡಿಸುತ್ತದೆ. ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಅನುಸ್ಥಾಪನಾ ಪ್ರತಿಯಿಂದ ವರ್ಷಗಟ್ಟಲೆ ದೂರ ಇಟ್ಟಿದ್ದ ಬಳಗ ಅದು. ಅದಿಲ್ಲದೆ ಎಷ್ಟೋ ಹೊಸ ಯಂತ್ರಗಳಲ್ಲಿ ವೈಫೈ ಕೂಡ ಏಳುತ್ತಿರಲಿಲ್ಲ. 2022ರಲ್ಲಿ ಸದಸ್ಯರು ಮತ ಹಾಕಿ ಅದನ್ನು ಸೇರಿಸಲು ಒಪ್ಪಿದರು, 2023ರ ಡೆಬಿಯನ್ 12ರಿಂದ ಅದು ಜಾರಿಗೆ ಬಂತು. ಒಪ್ಪುವಾಗಲೇ ಷರತ್ತನ್ನೂ ಹಾಕಿದರು: ಯಾವ ಫರ್ಮ್‌ವೇರ್ ಒಳಗೆ ಬಂದಿದೆ ಎಂದು ಬಳಕೆದಾರರಿಗೆ ತಿಳಿಸಬೇಕು, ಬೇಡ ಎನ್ನುವವರಿಗೆ ದಾರಿ ಇರಬೇಕು.

ಅಕ್ಕನಿಗೂ ನಾನು ಅಷ್ಟನ್ನೇ ಹೇಳಿದೆ. ಎರಡನೇ ಪರದೆಯಲ್ಲಿ ಕಾಣುವುದೆಲ್ಲ ಒಂದು ಕಂಪನಿಯ ಪ್ರೋಗ್ರಾಂ ಮೂಲಕ ಹೋಗುತ್ತದೆ, ಅದರ ಒಳಗನ್ನು ನಾನು ನೋಡಿಲ್ಲ, ನೋಡಲು ಬರುವುದೂ ಇಲ್ಲ. ಕೆಟ್ಟದ್ದೇನೋ ಮಾಡುತ್ತದೆ ಎನ್ನಲು ಕಾರಣವೂ ಇಲ್ಲ. ಕರ್ನೆಲ್ ಬದಲಾದಾಗಲೆಲ್ಲ ಒಂದು ಭಾಗವನ್ನು ಮತ್ತೆ ಕಟ್ಟಬೇಕು, ಕೆಲವೊಮ್ಮೆ ಅದು ಹೊಸ ಕರ್ನೆಲ್ಲಿಗೆ ಹೊಂದದೆ ಎರಡನೇ ಪರದೆ ಕಪ್ಪಾಗಿ ಉಳಿಯಬಹುದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟು ಹೇಳಿದಿಯಲ್ಲ, ಸಾಕು. ಬ್ಯಾಂಕಿಂದು ಫೋನಿನಾಗ ಮಾಡ್ಕೋತೀನಿ. ನೀ ಹಾಕು” ಎಂದರು.

ನಾನು ಕೊಡಬಹುದಾಗಿದ್ದ ಭರವಸೆಗಿಂತ ಅವರ ಈ ಮಾತು ಗಟ್ಟಿಯಾದದ್ದು. ‘ಏನೂ ಆಗಲ್ಲ’ ಎಂದಿದ್ದರೆ ಅವರ ನಿರ್ಧಾರವನ್ನು ನಾನು ಕಿತ್ತುಕೊಂಡಂತಾಗುತ್ತಿತ್ತು. ಮನೆಯವರಿಗೆ, ನೆರೆಯವರಿಗೆ, ಊರಿನ ಅಪ್ಪ ಅಮ್ಮಂದಿರಿಗೆ ಫೋನು, ಆ್ಯಪು, ಯಂತ್ರ ಹೊಂದಿಸಿಕೊಡುವ ನಾವು ದಿನವೂ ಇಂಥ ಭರವಸೆಗಳನ್ನು ಸಲೀಸಾಗಿ ಹಂಚುತ್ತಿರುತ್ತೇವೆ. ನಮಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಎಂದು ಅವರಿಗೆ ಹೇಳುವುದು ಆ ಕೆಲಸದ ಭಾಗವೇ. ಕರ್ನೆಲ್ ತನ್ನ ಹೊಸ್ತಿಲಿನ ಒಳಗೆ ಬಂದದ್ದನ್ನು ಮಾತ್ರ ಬರೆದಿಡಬಲ್ಲದು. ಪಡಸಾಲೆಯಲ್ಲಿ ಕೂತದ್ದರ ಲೆಕ್ಕ ಹೇಳಬೇಕಾದವರು ಅದನ್ನು ತಂದು ಕೂರಿಸಿದ ನಾವು.