ಪೂರ್ತಧರ್ಮ ಮತ್ತು ಊರಿನ ನಡು

ಭಾರತೀಯ ಧರ್ಮಶಾಸ್ತ್ರಗಳು ಗೃಹಸ್ಥನ ಪುಣ್ಯಕರ್ಮಗಳನ್ನು ‘ಇಷ್ಟ’ ಮತ್ತು ‘ಪೂರ್ತ’ ಎಂದು ಎರಡಾಗಿ ವಿಂಗಡಿಸುತ್ತವೆ. ಅಗ್ನಿಯ ಎದುರು ನಡೆಯುವ ಯಜ್ಞ, ಹೋಮಗಳು ಇಷ್ಟ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ತೋಪು ಬೆಳೆಸುವುದು, ದೇಗುಲ, ಛತ್ರ, ಅರವಟ್ಟಿಗೆಗಳನ್ನು ನಡೆಸುವುದು ಪೂರ್ತ. ಇಷ್ಟಕ್ಕೆ ದ್ವಿಜರನ್ನಷ್ಟೇ ಅರ್ಹರೆಂದು ಎಣಿಸಿದ ಅದೇ ಶಾಸ್ತ್ರಕಾರರು ಪೂರ್ತದ ಅಧಿಕಾರವನ್ನು ಶೂದ್ರರಿಗೂ ಒಪ್ಪಿದ್ದರು ಎಂಬುದು ಗಮನಿಸಬೇಕಾದ ಸಂಗತಿ. ಈ ಹಳೆಯ ವಿಂಗಡಣೆಯನ್ನು ಇಂದು ಮತ್ತೆ ಕೈಗೆತ್ತಿಕೊಳ್ಳಲು ಕಾರಣವಿದೆ. ಬೆಂಗಳೂರಿನಂಥ ನಗರದಲ್ಲಿ ಹಳೆಯ ಪೇಟೆ ಮತ್ತೆ ಕಾಲ್ನಡಿಗೆಗೆ ಒದಗಲಿ, ಬಸ್ಸುಗಳು ಹೆಚ್ಚಲಿ, ರೈಲು ದುಡಿಯುವವರ ಹತ್ತಿರಕ್ಕೆ ಬರಲಿ ಎಂದು ವರ್ಷಗಟ್ಟಲೆ ಅರ್ಜಿ ಬರೆಯುವ, ಅಹವಾಲು ಸಭೆಗಳಲ್ಲಿ ಎದ್ದು ನಿಲ್ಲುವ, ಯೋಜನಾ ವರದಿಗಳನ್ನು ರಾತ್ರಿ ಕುಳಿತು ಓದುವ ನಾಗರಿಕ ಕಾರ್ಯಕರ್ತರಿದ್ದಾರೆ. ಅವರು ತಮ್ಮ ಹಣದಿಂದ ಏನನ್ನೂ ಕಟ್ಟಿಸಿದವರಲ್ಲ, ಅವರ ಹೆಸರಿನ ಶಾಸನ ಎಲ್ಲೂ ನಿಲ್ಲುವುದಿಲ್ಲ. ಆದರೂ ಅವರ ಹಂಬಲ ಅನುಷ್ಠಾನದ ತೀವ್ರತೆಯನ್ನು ಪಡೆದಿರುತ್ತದೆ. ಅದು ಪೂರ್ತಧರ್ಮದ ಒಂದು ರೂಪವೇ, ಅಥವಾ ಊರೆಂಬ ವಸ್ತುವಿನ ಮೇಲಿನ ಮೋಹವೇ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಪೂರ್ತಕರ್ಮದ ಕೊನೆಯ ಹಂತದಿಂದ ಹೊರಡುವುದು ಲೇಸು. ಕೆರೆಗೆ ನೀರು ತುಂಬಿದ ಮಾತ್ರಕ್ಕೆ ಆ ಕರ್ಮ ಮುಗಿಯುವುದಿಲ್ಲ. ‘ಉತ್ಸರ್ಗ’ ಎಂಬ ವಿಧಿ ನಡೆಯಬೇಕು. ಕಟ್ಟಿಸಿದವನು ಸಕಲ ಜೀವಿಗಳಿಗಾಗಿ ಈ ನೀರನ್ನು ಬಿಟ್ಟಿದ್ದೇನೆ ಎಂದು ಸಂಕಲ್ಪಿಸಿ ತನ್ನ ಒಡೆತನವನ್ನು ಕಳಚಿಕೊಳ್ಳುವುದೇ ಉತ್ಸರ್ಗ. ದಾನಕ್ಕೂ ಇದಕ್ಕೂ ಇರುವ ಅಂತರವನ್ನು ಶಾಸ್ತ್ರಕಾರರು ಬಹಳ ಸೂಕ್ಷ್ಮವಾಗಿ ಗುರುತಿಸಿದ್ದಾರೆ. ದಾನದಲ್ಲಿ ಕೊಡುವವನಿಗೆ ಎದುರಾಗಿ ಪಡೆಯುವವನೊಬ್ಬ ಇರುತ್ತಾನೆ, ವಸ್ತು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತದೆ, ಕೊಟ್ಟವನು ಮುಂದೆ ಅದನ್ನು ಮುಟ್ಟುವಂತಿಲ್ಲ. ಉತ್ಸರ್ಗದಲ್ಲಿ ಎದುರಿಗೆ ಇಂಥವನೇ ಎಂಬ ಪ್ರತಿಗ್ರಾಹಿ ಇಲ್ಲ. ವಸ್ತು ಎಲ್ಲರಿಗೂ ಸೇರುತ್ತದೆ, ಆದ್ದರಿಂದ ಯಾರೊಬ್ಬರಿಗೂ ಸೇರುವುದಿಲ್ಲ. ಹಾಗಾದರೆ ಕೆರೆ ಕಟ್ಟಿಸಿದವನಿಗೇ ಬಾಯಾರಿದಾಗ ಅವನು ಆ ನೀರನ್ನು ಕುಡಿಯಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಕುಡಿಯಬಹುದು, ಆದರೆ ಒಡೆಯನಾಗಿ ಅಲ್ಲ, ಎಲ್ಲರಲ್ಲಿ ಒಬ್ಬನಾಗಿ ಎಂಬುದು ಅವರು ಕೊಟ್ಟ ಉತ್ತರ. ಪರರ ಕೆರೆಯಲ್ಲಿ ಮೀಯಬಾರದು, ಮಿಂದರೆ ಕಟ್ಟಿಸಿದವನ ಪಾಪದಲ್ಲಿ ಪಾಲು ಬರುತ್ತದೆ ಎಂದು ಮನುಸ್ಮೃತಿ ಎಚ್ಚರಿಸುವುದನ್ನೂ ಇದರ ಜೊತೆಗಿಟ್ಟು ನೋಡಬೇಕು. ಬೇಲಿ ಹಾಕಿಕೊಂಡ ಸಂಪತ್ತು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲೊಂದು ಕಲ್ಮಶವಿದೆ ಎಂಬ ತಿಳಿವಳಿಕೆ ಆ ಎಚ್ಚರಿಕೆಯ ಹಿಂದಿದೆ ಎಂದು ಓದಿಕೊಳ್ಳಲು ಅಡ್ಡಿಯಿಲ್ಲ.

ಬೆಂಗಳೂರಿನ ಮಟ್ಟಿಗೆ ಈ ವಿಚಾರ ಪುಸ್ತಕದಲ್ಲೇ ಉಳಿದದ್ದಲ್ಲ. ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರಿಗೇ ಜಾಗ ಪಡೆದು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಪ್ರಯಾಣಿಕರಿಗೆ ತೆರೆಯಿತು. ರೈಲಿಳಿದ ಅಪರಿಚಿತನಿಗೆ ಊರು ಮೊದಲು ತೋರಿಸಬೇಕಾದದ್ದು ತಲೆಯ ಮೇಲೊಂದು ಸೂರನ್ನು ಎಂಬ ಅವರ ತಿಳಿವಳಿಕೆ, ಪ್ರಯಾಣವನ್ನೂ ಊರಿನ ನಡುವನ್ನೂ ಒಂದೇ ಪುಣ್ಯಕಾರ್ಯದೊಳಗೆ ತಂದಿತು. ಆ ಛತ್ರದಿಂದ ಕೂಗಳತೆಯ ದೂರದಲ್ಲಿದ್ದ ಧರ್ಮಾಂಬುಧಿ ಕೆರೆ ಕಾಲಕ್ರಮದಲ್ಲಿ ಬತ್ತಿ, ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಎದ್ದಿತು. ಪಕ್ಕದಲ್ಲಿದ್ದ ಚಿತ್ರಮಂದಿರದ ಹೆಸರಿನಿಂದ ಜನ ಅದನ್ನು ಮೆಜೆಸ್ಟಿಕ್ ಎನ್ನುತ್ತಾರೆ. ಕೆರೆಯೊಂದು ಅಳಿದದ್ದಕ್ಕೆ ದುಃಖಿಸಬೇಕು, ಮಳೆ ಹೊಯ್ದಾಗ ಆ ತಗ್ಗಿನಲ್ಲಿ ನಿಲ್ಲುವ ನೀರು ಆ ದುಃಖವನ್ನು ಮರೆಯಲು ಬಿಡುವುದೂ ಇಲ್ಲ. ಆದರೆ ಎಲ್ಲರಿಗಾಗಿ ಬಿಟ್ಟ ಜಾಗ ಬೇರೊಂದು ಬಗೆಯಲ್ಲಿ ಎಲ್ಲರದಾಗಿಯೇ ಉಳಿಯಿತು, ಯಾರದೋ ಬಂಗಲೆಯಾಗಲಿಲ್ಲ ಎಂಬುದನ್ನೂ ಹೇಳಬೇಕು.

ಬಸ್ಸಿಗೂ ಉತ್ಸರ್ಗಕ್ಕೂ ಇರುವ ಹೋಲಿಕೆ ಅಲಂಕಾರಕ್ಕಾಗಿ ತಂದದ್ದಲ್ಲ. ಬಸ್ಸು ಹತ್ತಿದವರನ್ನು ಕಂಡಕ್ಟರ್ ಕೇಳುವುದು ಎಲ್ಲಿಗೆ ಎಂಬುದೊಂದನ್ನೇ. ಯಾರು, ಯಾವ ಕುಲ, ಏನು ಕೆಲಸ ಎಂಬ ಮಾತು ಅಲ್ಲಿ ಏಳುವುದಿಲ್ಲ. ಸಿಕ್ಕ ಸೀಟು ಇಳಿಯುವ ಸ್ಟಾಪು ಬರುವತನಕ ಕುಳಿತವರದು. ಎದ್ದ ಮರುಗಳಿಗೆಯಲ್ಲಿ ಅದು ಮತ್ತೆ ಎಲ್ಲರಿಗೂ ಸೇರುತ್ತದೆ. ಶಾಸ್ತ್ರದ ಪರಿಭಾಷೆಯಲ್ಲಿ ‘ಸ್ವತ್ವ’ ಎಂದರೆ ಒಡೆತನದ ಸಂಬಂಧ. ಆ ಸಂಬಂಧ ಹುಟ್ಟಿ, ಬಳಕೆಯಾಗಿ, ಜಗಳವಿಲ್ಲದೆ ಕರಗುವುದನ್ನು ದಿನವೂ ಕಣ್ಣಾರೆ ಕಾಣಬಹುದಾದ ಜಾಗಗಳು ನಗರದಲ್ಲಿ ಹೆಚ್ಚಿಲ್ಲ. ರಸ್ತೆಯೂ ಉತ್ಸರ್ಗವಾದ ವಸ್ತುವೇ ಆದರೂ ಅರವತ್ತು ಜನರನ್ನು ಹೊತ್ತ ಬಸ್ಸು, ಒಬ್ಬೊಬ್ಬರೇ ಕುಳಿತ ಕಾರುಗಳ ಸಾಲಿನ ಹಿಂದೆ ನಿಂತಾಗ, ಎಲ್ಲರ ಕೆರೆಗೆ ಕೆಲವರು ದೊಡ್ಡ ಕೊಡ ತಂದಂತೆ ಆಗುತ್ತದೆ. 2019ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆಂದೇ ಒಂದು ಪಥವನ್ನು ಬಿಡಿಸಿಟ್ಟಾಗ ಬಸ್ ಪ್ರಯಾಣಿಕರ ಪರವಾಗಿ ದುಡಿದವರು ಅಷ್ಟೊಂದು ಸಂತೋಷಪಟ್ಟದ್ದು ಕೆಲವು ನಿಮಿಷ ಉಳಿಯುತ್ತದೆಂಬುದಕ್ಕೆ ಮಾತ್ರವಲ್ಲ. ರಸ್ತೆ ಯಾರದು ಎಂಬ ಪ್ರಶ್ನೆಗೆ ನೆಲದ ಮೇಲೆ ಗೆರೆ ಎಳೆದು ಉತ್ತರ ಕೊಟ್ಟಂತಾಗಿತ್ತು. ಮೆಟ್ರೊ ಕಾಮಗಾರಿ ಬಂದ ಮೇಲೆ ಆ ಪಥ ಉಳಿಯಲಿಲ್ಲ.

ಇನ್ನು ಊರಿನ ನಡುವಿನ ಮಾತು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ, ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವ ಚೌಕದಿಂದ ಹರಡಿಕೊಂಡು ಬೆಳೆಯಿತು. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ರಾಗಿಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ ಎಂಬ ಹೆಸರುಗಳನ್ನು ಒಂದರ ಹಿಂದೊಂದು ಹೇಳಿಕೊಂಡು ಹೋದರೆ ಊರೊಂದು ಯಾವ ಯಾವ ಕೈಗಳಿಂದ ಆಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಈ ಗಲ್ಲಿಗಳನ್ನೆಲ್ಲ ಸುತ್ತುತ್ತದೆ, ಅರಳೆಪೇಟೆಯಲ್ಲಿ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ ಬರುತ್ತದೆ. ನಡೆದು ಹಾಯ್ದ ನೆಲವೇ ಪವಿತ್ರವಾಗುವುದಾದರೆ, ಪೇಟೆಯ ಪಾವಿತ್ರ್ಯ ಒಂದು ಗರ್ಭಗುಡಿಯಲ್ಲಿ ನಿಂತದ್ದಲ್ಲ, ಬೀದಿಯುದ್ದಕ್ಕೂ ಚೆಲ್ಲಿಕೊಂಡದ್ದು ಎನ್ನಬೇಕಾಗುತ್ತದೆ. ಉಳಿದ ದಿನಗಳಲ್ಲಿ ಅದೇ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಚರಂಡಿಯ ಹಾಸುಗಲ್ಲು ಒಡೆದಿದೆ, ಸರಕಿನ ಗಾಡಿ, ದ್ವಿಚಕ್ರ ವಾಹನ, ತಲೆಹೊರೆಯವರು ಒಬ್ಬರನ್ನೊಬ್ಬರು ತಳ್ಳಿಕೊಂಡೇ ಸಾಗಬೇಕು. ಇದನ್ನು ಕಂಡು ಮರುಗುವವರು ಪುನರುಜ್ಜೀವನ ಎಂಬ ಮಾತನ್ನು ಬಳಸುತ್ತಾರೆ.

ಆ ಮಾತಿಗಿಂತ ಹಳೆಯದೂ ಕಟ್ಟುನಿಟ್ಟಿನದೂ ಆದ ಮಾತು ‘ಜೀರ್ಣೋದ್ಧಾರ’. ಹೊಸ ಗುಡಿ ಕಟ್ಟಿಸುವುದಕ್ಕಿಂತ ಶಿಥಿಲವಾದುದನ್ನು ಎತ್ತಿ ನಿಲ್ಲಿಸುವುದು ಹೆಚ್ಚಿನ ಪುಣ್ಯವೆಂದು ಪರಂಪರೆ ನಂಬುತ್ತದೆ. ಆದರೆ ಆಗಮಗಳು, ಎಂದರೆ ದೇವಾಲಯದ ನಿರ್ಮಾಣವನ್ನೂ ಪೂಜೆಯನ್ನೂ ವಿಧಿಸುವ ಗ್ರಂಥಗಳು, ಅದಕ್ಕೊಂದು ಕ್ರಮವನ್ನು ಹೇಳುತ್ತವೆ. ಗುಡಿಯ ಕಲ್ಲನ್ನು ಅಲುಗಿಸುವ ಮೊದಲು ಮೂರ್ತಿಯಲ್ಲಿರುವ ದೇವಕಳೆಯನ್ನು ಕುಂಭಕ್ಕೆ ಇಳಿಸಿ, ‘ಬಾಲಾಲಯ’ ಎಂಬ ಚಿಕ್ಕ ತಾತ್ಕಾಲಿಕ ಗುಡಿಯಲ್ಲಿ ಇರಿಸಬೇಕು. ಕೆಲಸ ಎಷ್ಟು ಕಾಲ ನಡೆದರೂ ಅಲ್ಲಿ ಪೂಜೆ ತಪ್ಪಬಾರದು. ಕೆಲಸ ಮುಗಿದ ಮೇಲೆ ಆ ಕಳೆಯನ್ನು ಮರಳಿ ಮೂಲಸ್ಥಾನಕ್ಕೆ ತರಬೇಕು. ಒಳಗಿರುವ ಜೀವವನ್ನು ಹೊರಗಟ್ಟಿ ಗೋಡೆಯನ್ನು ಚಂದ ಮಾಡುವುದು ಜೀರ್ಣೋದ್ಧಾರವಲ್ಲ ಎಂಬ ಈ ವಿಧಿಯ ವಿವೇಕವನ್ನು ನಗರದ ಕೆಲಸಕ್ಕೆ ಹಚ್ಚಿ ನೋಡಿದರೆ ಬಹಳಷ್ಟು ಸಂಗತಿಗಳು ಸ್ಪಷ್ಟವಾಗುತ್ತವೆ. ಕಲ್ಲುಹಾಸಿನಿಂದ ನವೀಕರಣಗೊಂಡ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳನ್ನು ತಡೆದಾಗ, ಬೀದಿಯ ನಡುವೆ ನಿಶ್ಚಿಂತೆಯಿಂದ ನಡೆಯುವ ಸುಖ ಎಂಥದೆಂದು ಅನೇಕರಿಗೆ ತಿಳಿಯಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಕೆ.ಆರ್. ಮಾರುಕಟ್ಟೆಯ ಸುತ್ತಮುತ್ತ ಅಂಥದೇ ಕೆಲಸ ಆಗಬೇಕಾದರೆ, ಪಾದಚಾರಿ ಹಾದಿಯಲ್ಲಿ ಗೋಣಿ ಹಾಸಿ ಸೊಪ್ಪು, ನಿಂಬೆಹಣ್ಣು ಮಾರುವವರ ಬಾಲಾಲಯ ಎಲ್ಲಿ ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು. ಬೀದಿಬದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ 2014ರ ಕಾಯ್ದೆಯೂ ತನ್ನ ಭಾಷೆಯಲ್ಲಿ ಕೇಳುವುದು ಇದನ್ನೇ. ಊರಿನ ನಡುವನ್ನು ಪ್ರೀತಿಸುವ ಕಾರ್ಯಕರ್ತರಲ್ಲಿ ಈ ಪ್ರಶ್ನೆಯನ್ನು ಮೊದಲಿಗೆ ಕೇಳುವವರೂ ಇದ್ದಾರೆ, ಕೊನೆಗೆ ಕೇಳುವವರೂ ಇದ್ದಾರೆ. ಕೊನೆಗೆ ಕೇಳುವವರ ಪ್ರೀತಿ ನೋಟಕ್ಕೆ ಒಲಿದದ್ದು, ಊರಿಗಲ್ಲ.

ಪೂರ್ತಧರ್ಮದ ಹೊಗಳಿಕೆ ಇಲ್ಲಿಗೇ ನಿಂತರೆ ಅದು ಅಪ್ರಾಮಾಣಿಕವಾಗುತ್ತದೆ. ಸಕಲ ಜೀವಿಗಳಿಗೆಂದು ಮಂತ್ರ ಹೇಳಿ ಬಿಟ್ಟ ನೀರಿನ ಬಳಿಗೆ ಮನುಷ್ಯರಲ್ಲೇ ಕೆಲವರನ್ನು ಬಿಡಲಿಲ್ಲ. ದನಕರುಗಳು ಇಳಿದು ಕುಡಿದ ಕೆರೆಯನ್ನು ಅಸ್ಪೃಶ್ಯರೆನಿಸಿಕೊಂಡವರು ಮುಟ್ಟುವಂತಿರಲಿಲ್ಲ. ಮಹಾಡದ ಚವದಾರ ಕೆರೆಯನ್ನು ಅಲ್ಲಿನ ಪುರಸಭೆ ಎಲ್ಲರಿಗೂ ತೆರೆದಿದೆ ಎಂದು ನಿರ್ಣಯಿಸಿದ ಮೇಲೂ ಆ ನಿರ್ಣಯ ಕಾಗದದಲ್ಲೇ ಉಳಿದಿತ್ತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು; ನ್ಯಾಯಾಲಯದಲ್ಲಿ ಆ ಹಕ್ಕು ಅಂತಿಮವಾಗಿ ಸ್ಥಿರಪಡಲು 1937ರವರೆಗೆ ಕಾಯಬೇಕಾಯಿತು. ಉತ್ಸರ್ಗದ ಮಂತ್ರಕ್ಕೆ ಅದರ ಪೂರ್ಣ ಅರ್ಥ ಬಂದದ್ದು ಹೇಳಿದವರಿಂದಲ್ಲ, ನೀರಿಗಿಳಿದವರಿಂದ. ಆದ್ದರಿಂದ ಕೆರೆ ಕಟ್ಟಿಸಿದವನ ಪಕ್ಕದಲ್ಲಿ, ಅದು ನಿಜಕ್ಕೂ ಎಲ್ಲರದಾಗುವಂತೆ ಹೋರಾಡಿದವನನ್ನೂ ಪೂರ್ತಕರ್ಮಿ ಎಂದು ಎಣಿಸಬೇಕು. ಅವನ ಪಾಲು ಹಿರಿದೆಂದರೂ ತಪ್ಪಾಗದು. ತನ್ನದೆಂಬ ಇಟ್ಟಿಗೆಯೊಂದನ್ನೂ ಇಡದ ನಾಗರಿಕ ಕಾರ್ಯಕರ್ತರಿಗೆ ಈ ಪರಂಪರೆಯಲ್ಲಿ ಸ್ಥಾನ ದೊರೆಯುವುದು ಹೀಗೆ. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲದೆ ಪ್ರಯಾಣಿಸುತ್ತಿದ್ದಾರೆ. ಅದರ ಖರ್ಚುವೆಚ್ಚದ ಚರ್ಚೆ ನಡೆಯಲಿ; ಆದರೆ ದುಡ್ಡು ಕೇಳಿ ಪಡೆಯಬೇಕಾದ ಮನೆಯಿಂದ ಯಾರನ್ನೂ ಕೇಳದೆ ಹೊರಟು ನಿಂತ ಹೆಂಗಸಿನ ಪಾಲಿಗೆ ಅಲ್ಲಿ ತೆರೆದದ್ದು ಒಂದು ಕೆರೆಯೇ.

ಇನ್ನು ಉಳಿದದ್ದು ಮೋಹದ ಆಕ್ಷೇಪ. ಭಗವದ್ಗೀತೆಯ ಮೂರನೆಯ ಅಧ್ಯಾಯ ಅಜ್ಞಾನಿಗಳು ಆಸಕ್ತಿಯಿಂದ ಮಾಡುವ ಕರ್ಮವನ್ನು ಜ್ಞಾನಿಯು ಅನಾಸಕ್ತನಾಗಿ, ‘ಲೋಕಸಂಗ್ರಹ’ವನ್ನು ಬಯಸಿ ಮಾಡಬೇಕೆನ್ನುತ್ತದೆ. ಲೋಕಸಂಗ್ರಹವೆಂದರೆ ಜನಜೀವನ ಚದುರಿಹೋಗದಂತೆ ಹಿಡಿದಿಡುವುದು. ಜನರು ದಾರಿ ತಪ್ಪದಂತೆ ತಡೆಯುವುದು ಎಂದು ಶಂಕರಾಚಾರ್ಯರು ಅದನ್ನು ವಿವರಿಸುತ್ತಾರೆ. ಹಾಗಿದ್ದರೆ ಬಸ್ಸು, ಬೀದಿ, ಪೇಟೆಗಳ ಬಗ್ಗೆ ಕುದಿಯುವ ಮನಸ್ಸು ಅನಾಸಕ್ತವೆನಿಸುವುದೇ? 2016ರ ಅಕ್ಟೋಬರ್ 16ರಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೇಡವೆಂದು ಬೆಂಗಳೂರಿನ ಸಾವಿರಾರು ಜನ ಕೈಕೈ ಹಿಡಿದು ರಸ್ತೆಬದಿಯಲ್ಲಿ ನಿಂತರು, ಸುಮಾರು 6.7 ಕಿ.ಮೀ. ಉದ್ದದ ಆ ಯೋಜನೆಗೆ 800ಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದೇ ಜನ ಬೇಡವೆಂದು ಹೇಳಿ ಮನೆಗೆ ಹೋಗದೆ, ಬೇಕಾದದ್ದು ಉಪನಗರ ರೈಲು ಎಂದು ‘ಚುಕುಬುಕು ಬೇಕು’ ಎನ್ನುತ್ತ ನಿಲ್ದಾಣಗಳಲ್ಲಿ ಸೇರಿದರು. 148 ಕಿ.ಮೀ.ಗಳ ಆ ರೈಲು ಯೋಜನೆಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು, 2022ರಲ್ಲಿ ಶಂಕುಸ್ಥಾಪನೆಯಾಯಿತು. ಈ ನಡುವೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಕಾರುಗಳ ಸುರಂಗ ಕೊರೆಯುವ ಮಾತೂ ಬಂದು, ಮತ್ತೆ ಅರ್ಜಿ, ಮತ್ತೆ ಸಭೆ ಶುರುವಾಯಿತು. ಫಲದ ಮೇಲೆ ಕಣ್ಣಿಟ್ಟು ಹೊರಟವರು ಇಂಥ ದಾರಿಯಲ್ಲಿ ಬಹುದೂರ ನಡೆಯಲಾರರು. ಕುದಿ ಇದ್ದರೆ ಆಸಕ್ತಿ ಇದೆ, ತಣ್ಣಗಿದ್ದರೆ ವೈರಾಗ್ಯವಿದೆ ಎಂದು ತಿಳಿಯುವುದು ಗೀತೆಯನ್ನು ಮೇಲುಮೇಲಿಗೆ ಓದಿದ್ದರ ಫಲ. ಕೇಳಬೇಕಾದದ್ದು ಕೊನೆಗೆ ಆ ವಸ್ತು ಯಾರದಾಗಬೇಕೆಂದು ಅವರು ಬಯಸುತ್ತಾರೆ ಎಂಬುದನ್ನು. ತನ್ನ ಬಡಾವಣೆಗಷ್ಟೇ ನಿಲ್ದಾಣ ಬೇಡುವವನ ಶಾಂತ ಅರ್ಜಿಯಲ್ಲಿ ಮೋಹವಿದೆ. ತಾನೆಂದೂ ಇಳಿಯದ ಸ್ಟಾಪಿಗೆ ನೆರಳು ಬೇಕೆಂದು ಗಂಟಲು ಕಟ್ಟುವಂತೆ ಕೂಗುವವರಲ್ಲಿ ಅದು ಇಲ್ಲ.

ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮುನ್ನವೇ ಸೇವಂತಿಗೆ, ಕನಕಾಂಬರಗಳ ವ್ಯಾಪಾರ ಜೋರಾಗಿರುತ್ತದೆ. ಮಾರು ಲೆಕ್ಕದಲ್ಲಿ ಕೊಂಡ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗಿಟ್ಟು, ಬಡಾವಣೆಗಳಲ್ಲಿ ಮೊಳ ಲೆಕ್ಕದಲ್ಲಿ ಮಾರುವ ಹೆಂಗಸರು ಮೊದಲ ಬಸ್ಸುಗಳನ್ನು ಮುಂದಿನ ಬಾಗಿಲಿನಿಂದ ಹತ್ತುತ್ತಾರೆ. ಅವರ ಬುಟ್ಟಿಗೆ ಡ್ರೈವರ್ ಸೀಟಿನ ಹಿಂದೆ ಜಾಗವಾಗುತ್ತದೆ, ಹೂವಿನ ತೇವ ಬಸ್ಸಿನ ನೆಲಕ್ಕಿಳಿಯುತ್ತದೆ. ಹಿಂದಿನ ಬಾಗಿಲಿನಿಂದ ಹತ್ತಿದವರಿಗೆ ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಬಾಕಿ ಮೊತ್ತವನ್ನು ಟಿಕೆಟ್ಟಿನ ಬೆನ್ನಿಗೆ ಬರೆದು ಗೆರೆ ಎಳೆದು ಕೊಡುತ್ತಾನೆ, ಆ ಗೀಚಿದ ಅಂಕಿಯನ್ನು ಇಬ್ಬರೂ ನಂಬುತ್ತಾರೆ. ಬಸ್ಸಿಗಾಗಿ ಅರ್ಜಿ ಬರೆದವರು ಅದೇ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದರೆ ಅವರನ್ನು ಯಾರೂ ಗುರುತಿಸುವುದಿಲ್ಲ, ಸೀಟು ಬಿಟ್ಟುಕೊಡುವುದೂ ಇಲ್ಲ. ಅವರೂ ಚಿಲ್ಲರೆ ಬರೆದ ಟಿಕೆಟ್ಟನ್ನು ಜೋಪಾನವಾಗಿ ಹಿಡಿದು ತಮ್ಮ ಸ್ಟಾಪಿಗಾಗಿ ಕಾಯುತ್ತಾರೆ.