ಇಂದಿನ ಧಮ್ಮ ಚಿಂತನೆ: ಸದ್ದು ಎಲ್ಲಿತ್ತು?





ಇವತ್ತು ಚಿಂತನೆ ಬರೆಯುವ ಸರದಿ ನನ್ನದು, ಹುಲಿಹೈದರದಿಂದ. ನಮ್ಮ ಮನೆಯ ಒಂದು ವಾದ್ಯದ ವಿಷಯ ಹೇಳುತ್ತೇನೆ. ನಡುವೆ ನನ್ನ ತಪ್ಪುಗಳನ್ನೂ ಒಪ್ಪಿಕೊಳ್ಳುವುದಿದೆ.

ಹೋದ ಮಳೆಗಾಲದಲ್ಲಿ ನಾನೊಂದು ರೆಸೊನೇಟರ್ ಗಿಟಾರ್ ತರಿಸಿದೆ. ಸಾದಾ ಗಿಟಾರಿನಲ್ಲಿ ಮರದ ಹೊಟ್ಟೆಯೇ ಸದ್ದನ್ನು ದೊಡ್ಡದು ಮಾಡುತ್ತದೆ. ಇದರ ಹೊಟ್ಟೆಯೊಳಗೆ ಅಲ್ಯೂಮಿನಿಯಂನ ತೆಳ್ಳನೆಯ ತಟ್ಟೆಯೊಂದು ಕೂತಿರುತ್ತದೆ, ಲೌಡ್‌ಸ್ಪೀಕರಿನ ಕೋನ್ ಇದ್ದಂತೆ. ತಂತಿಯ ಅದುರು ಆ ತಟ್ಟೆಗೆ ಇಳಿದು ಸದ್ದಾಗಿ ಹೊರಗೆ ಬರುತ್ತದೆ. ವಾದ್ಯಗಳಿಗೆ ಕರೆಂಟು ಕೊಡುವ ಪದ್ಧತಿ ಬರುವ ಮೊದಲು ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ಅದಕ್ಕಾಗಿ ಸ್ಲೊವಾಕಿಯಾದಿಂದ ವಲಸೆ ಹೋಗಿದ್ದ ಜಾನ್ ಡೋಪಿಯೆರಾ ಎಂಬಾತ ಇದನ್ನು ಕಂಡುಹಿಡಿದ. 1927ರಲ್ಲಿ ಲಾಸ್ ಏಂಜಲಿಸ್‌ನ ನ್ಯಾಷನಲ್ ಕಂಪನಿ ಇದನ್ನು ಮಾರಾಟಕ್ಕೆ ತಂದಿತು. ಮಿಸಿಸಿಪ್ಪಿಯ ಕಪ್ಪು ಗಾಯಕರಾದ ಸನ್ ಹೌಸ್, ಬುಕ್ಕಾ ವೈಟ್ ಇದನ್ನೇ ನುಡಿಸಿ ತಮ್ಮ ಜನರ ನೋವನ್ನು ಹಾಡಿದರು.

ಅದೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ಕಪ್ಪು ಜನರ ಹೋರಾಟವನ್ನು ಅವರು ಬಲ್ಲವರಾಗಿದ್ದರು. 1946ರಲ್ಲಿ ಆ ಜನರ ದೊಡ್ಡ ವಿದ್ವಾಂಸ ಡು ಬಾಯ್ಸ್ ಅವರಿಗೆ ಕಾಗದವನ್ನೂ ಬರೆದಿದ್ದರು. ಬಾಬಾಸಾಹೇಬರು ತಾವೇ ಪಿಟೀಲು ಕಲಿತದ್ದು ನಿಮಗೆಲ್ಲ ಗೊತ್ತು.

ಇದನ್ನೆಲ್ಲ ಓದಿ, ಫೋನಿನಲ್ಲಿ ಆ ವಾದ್ಯ ಕೇಳಿ ನನಗೆ ಹುಚ್ಚು ಹಿಡಿಯಿತು. ಸಿಕ್ಕಿದ್ದರಲ್ಲೇ ಅಗ್ಗದ್ದು ಹುಡುಕಿದರೂ ಹದಿನೈದು ಸಾವಿರ ಆಯಿತು. ಅದರಲ್ಲಿ ಅರ್ಧ ದುಡ್ಡು ಸೋರುವ ಮಾಳಿಗಿ ರಿಪೇರಿಗೆ ಎತ್ತಿಟ್ಟದ್ದು. ಮನೆಯವಳಿಗೆ, "ನಮ್ಮ ಬಳಗದ ಭೀಮಗೀತೆಗೆ ಬೇಕು" ಎಂದೆ. ಒಳಗಿದ್ದ ಆಸೆ ಬೇರೆ. ಕೇರಿಯಲ್ಲಿ ಇಂಥದ್ದು ಇರುವುದು ನನ್ನ ಹತ್ತಿರ ಮಾತ್ರ ಅನ್ನಿಸಿಕೊಳ್ಳಬೇಕಿತ್ತು. ನಾಲ್ಕನೆಯ ಶೀಲ ಅಲ್ಲೇ ಮುರಿಯಿತು. ಮಳೆ ಬಂದಾಗ ಅವಳು ಸೋರುವ ಕಡೆ ಬೋಗುಣಿ ಇಡುತ್ತಿದ್ದಳು, ನಾನು ಗಿಟಾರನ್ನು ಒಣಗಿದ ಮೂಲೆಗೆ ಸರಿಸುತ್ತಿದ್ದೆ. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಾತಾಡಿದ್ದು ಅಪ್ಪ. ಡಬ್ಬಿ ಬಿಚ್ಚಿದ ದಿನವೇ ಅವನು ಕೇಳಿದ: "ಮತ್ತ ಮನಿಯೊಳಗ ಬಾರಿಸೋ ಸಾಮಾನ ತಂದಿಯೇನಪಾ?"

ಅಪ್ಪ ಹುಟ್ಟಿದ್ದು ಬೇರೆ ಊರಲ್ಲಿ. ಆ ಊರಿನ ಹೆಸರು ಇಲ್ಲಿ ಬೇಡ. ಯಾರ ಮನೆಯಲ್ಲಿ ಸಾವಾದರೂ, ಜಾತ್ರೆ ಬಂದರೂ ಹಲಗಿ ಹೊತ್ತು ಹೋಗಬೇಕಿತ್ತು. ಕರೆದರೆ ಹೋಗಲೇಬೇಕು, ಕೊಟ್ಟದ್ದು ತಿನ್ನಬೇಕು. ಬಾಬಾಸಾಹೇಬರ ಮಾತು ಕಿವಿಗೆ ಬಿದ್ದ ಮೇಲೆ ಅಪ್ಪ ಒಂದು ದಿನ ಹೋಗಲಿಲ್ಲ. ಆ ಸುಗ್ಗಿಯಲ್ಲಿ ಯಾರೂ ಕೂಲಿಗೆ ಕರೆಯಲಿಲ್ಲ. ಅವ್ವನನ್ನು ಕರೆದುಕೊಂಡು ಅವಳ ತವರಾದ ಈ ಊರಿಗೆ ಬಂದ. ಬರುವ ಮುಂಚೆ ಹಲಗಿಯನ್ನು ಒಲೆಗೆ ಹಾಕಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ವಾದ್ಯವೂ ಇರಲಿಲ್ಲ.

ನಾನು ಉತ್ತರ ಕೊಡಲಿಲ್ಲ. ನನ್ನ ತಲೆಯಲ್ಲಿ ಬೇರೆ ಚಿಂತೆ ಇತ್ತು. ಮೂರನೆಯ ತಂತಿ ಮೀಟಿದರೆ ಗಿಟಾರ್ ಒಳಗೆ ಗುಂಯ್ ಎನ್ನುತ್ತಿತ್ತು, ಡಬ್ಬಿಯಲ್ಲಿ ನೊಣ ಸಿಕ್ಕಂತೆ. ರಾತ್ರಿಯೆಲ್ಲ ಮೇಲಿನ ಮುಚ್ಚಳದ ಸ್ಕ್ರೂ ಬಿಗಿ ಮಾಡಿದೆ. ಬಿಗಿದಷ್ಟೂ ಗುಂಯ್ ಜಾಸ್ತಿ. ಒಂದು ಸ್ಕ್ರೂವಿನ ತಲೆಯೇ ಸವೆದುಹೋಯಿತು. ಮಗಳು ಮುಟ್ಟಲು ಬಂದರೆ ಗದರಿದೆ. ಭೀಮಗೀತೆಗೆ ಎಂದು ತಂದ ವಾದ್ಯ ಮನೆಯವರ ನಗುವನ್ನೇ ನಿಲ್ಲಿಸಿತ್ತು.

ಒಂದು ಭಾನುವಾರ ಸಿಟ್ಟಿನಲ್ಲಿ ಎಲ್ಲವನ್ನೂ ಬಿಚ್ಚಿ ಪೇಪರಿನ ಮೇಲೆ ಹರಡಿದೆ. ಆರು ತಂತಿ, ತೂತಿನ ಮುಚ್ಚಳ, ತೆಳ್ಳನೆಯ ತಟ್ಟೆ, ತಟ್ಟೆಯ ನಡುವೆ ಬಿಸ್ಕತ್ತಿನಂಥ ಮರದ ಬಿಲ್ಲೆ, ಖಾಲಿ ಮರದ ಪೆಟ್ಟಿಗೆ. ಆಗ ಸಂಯುತ್ತ ನಿಕಾಯದ ವೀಣಾ ಸುತ್ತ ನೆನಪಾಯಿತು.

ಭಗವಾನರು ಅಲ್ಲಿ ಒಬ್ಬ ರಾಜನ ಕಥೆ ಹೇಳುತ್ತಾರೆ. ಆತ ಎಂದೂ ವೀಣೆ ಕೇಳಿದವನಲ್ಲ. ಸದ್ದಿಗೆ ಮರುಳಾಗಿ ವೀಣೆ ತರಿಸುತ್ತಾನೆ. ತಂದಾಗ, ಈ ಮರ ಯಾರಿಗೆ ಬೇಕು, ಆ ಸದ್ದನ್ನು ತನ್ನಿ ಎನ್ನುತ್ತಾನೆ. ಮಂತ್ರಿಗಳು ತಿಳಿಸಿ ಹೇಳುತ್ತಾರೆ: ಚರ್ಮ, ದಂಡ, ತಂತಿ, ನುಡಿಸುವವನ ಪ್ರಯತ್ನ ಎಲ್ಲ ಸೇರಿದಾಗ ಸದ್ದು ಹುಟ್ಟುತ್ತದೆ. ರಾಜ ನಂಬದೆ ವೀಣೆಯನ್ನು ಸೀಳಿ, ಚೂರು ಮಾಡಿ, ಸುಟ್ಟು, ಬೂದಿಯನ್ನು ಗಾಳಿಗೆ ತೂರುತ್ತಾನೆ. ಸದ್ದು ಸಿಗುವುದಿಲ್ಲ. ಹಾಗೆಯೇ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಈ ಐದನ್ನೂ ಹುಡುಕಿ ನೋಡುವವನಿಗೆ "ನಾನು", "ನನ್ನದು" ಎಲ್ಲಿಯೂ ಸಿಗುವುದಿಲ್ಲ ಎಂಬುದು ಭಗವಾನರ ಬೋಧೆ.

ಪೇಪರಿನ ಮುಂದೆ ಕೂತ ಆ ರಾಜ ನಾನೇ ಆಗಿದ್ದೆ.

ಅಷ್ಟರಲ್ಲಿ ಅಪ್ಪ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ಕೇಳದೆಯೇ ಆ ತಟ್ಟೆಯನ್ನು ಎತ್ತಿಕೊಂಡ. ಉಗುರಿನಿಂದ ಒಂದು ಕಡೆ ಬಡಿದ, ಕಿವಿಗೆ ಹಿಡಿದ. ತಟ್ಟೆ ಕೂರುವ ಮರದ ಅಂಚಿನ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದ. ಅಲ್ಲಿ ಅಂಟು ಮೆತ್ತಿದ ಮರದ ಪುಡಿ ಗಟ್ಟಿಯಾಗಿತ್ತು.

"ಇದು ಸರಿ ಕುಂತಿಲ್ಲ. ಚರ್ಮ ಒಂದ ಕಡಿ ಎದ್ದಿದ್ರೂ ಹಿಂಗ ಗುಂಯ್ ಅಂತದ. ಬಿಗಿದರ ಏನ ಬಂತು? ಮೊದಲ ಕುಂಡ್ರಸಬೇಕು" ಎಂದ.

ಅಂಚನ್ನು ಉಗುರಿನಿಂದ ಕೆರೆದು, ಟವೆಲ್ಲಿನಿಂದ ಒರೆಸಿ, ತಟ್ಟೆಯನ್ನು ಎರಡೂ ಕೈಯಿಂದ ಇಟ್ಟ. ತಂತಿ ಏರಿಸಿದೆವು. ತಂತಿಗಳ ಒತ್ತಡ ಬಿಲ್ಲೆಯ ಮೇಲೆ ಬಿದ್ದು ತಟ್ಟೆ ತನ್ನ ಜಾಗದಲ್ಲಿ ಕೂತಿತು. ಸ್ಕ್ರೂಗಳನ್ನು ಹಗುರಾಗಿ ತಿರುಗಿಸಿದರೆ ಸಾಕಾಯಿತು. ಮೂರನೆಯ ತಂತಿ ಮೀಟಿದೆ. ಸದ್ದು ತಿಳಿಯಾಗಿ ಬಂತು.

ಅಪ್ಪ ಐವತ್ತು ವರ್ಷ ಮುಚ್ಚಿಟ್ಟಿದ್ದ ವಿದ್ಯೆ ಅದು. ಹಲಗಿಯನ್ನು ಬೆಂಕಿಗೆ ಎಷ್ಟು ಹೊತ್ತು ಕಾಸಬೇಕು, ಚರ್ಮ ಎಲ್ಲಿ ಸಡಿಲಾಗಿದೆ ಎಂದು ತಿಳಿದಿದ್ದ ಕೈ, ಕಿವಿ.

ಬಂಧುಗಳೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ರಾಜ ವೀಣೆಯಲ್ಲಿ ಸದ್ದನ್ನು ಹುಡುಕಿದ ಹಾಗೆ ನಾನು ಹಲಗಿಯಲ್ಲಿ ಜಾತಿಯನ್ನು ಹುಡುಕಿದೆ. ಚರ್ಮದಲ್ಲಿ ಇತ್ತೇ? ಕಟ್ಟಿನಲ್ಲಿ? ಬೆಂಕಿಯಲ್ಲಿ? ಅಪ್ಪನ ಕೈಯಲ್ಲಿ? ಎಲ್ಲಿಯೂ ಇರಲಿಲ್ಲ. ಕರೆದರೆ ಬರಲೇಬೇಕು ಎಂಬ ಅಪ್ಪಣೆ, ಬರದಿದ್ದರೆ ಕೂಲಿ ಇಲ್ಲ ಎಂಬ ಹೆದರಿಕೆ, ಮನೆಯ ಹಸಿವು, ಇವೆಲ್ಲ ಕೂಡಿದಾಗ ಅಪಮಾನ ಹುಟ್ಟುತ್ತಿತ್ತು. ಕಾರಣಗಳಿಂದ ಹುಟ್ಟಿದ್ದು ಕಾರಣಗಳು ನಿಂತರೆ ನಿಲ್ಲುತ್ತದೆ. ಇದೇ ಪ್ರತೀತ್ಯ ಸಮುತ್ಪಾದ. ಜಾತಿ ಇರುವುದು ಮನಸ್ಸಿನಲ್ಲಿ, ಅದನ್ನು ಕೆಡವಬೇಕಾದ್ದೂ ಅಲ್ಲೇ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದ್ದು ಇದೇ ಅರ್ಥದಲ್ಲಿ.

ಅಪ್ಪ ಹಲಗಿ ಸುಟ್ಟದ್ದು ತಪ್ಪೇ? ಖಂಡಿತ ಇಲ್ಲ. ಆ ದಿನ ಆ ಸಂಕೋಲೆ ಕಡಿಯಲು ಅವನಿಗಿದ್ದ ದಾರಿ ಅದೊಂದೇ. ಇವತ್ತು ನಾನು ಕೂತು ಸಂಗೀತದ ಮಾತಾಡುತ್ತಿರುವುದು ಆ ಬೆಂಕಿಯಿಂದ. ಆದರೆ ಸುಟ್ಟದ್ದು ಗುಲಾಮಗಿರಿ. ಕೈಯ ವಿದ್ಯೆ ಸುಟ್ಟಿರಲಿಲ್ಲ, ಅದು ಅವನೊಳಗೇ ಇತ್ತು.

ನಮ್ಮ ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಬಂಡೆಗಳ ಮೇಲೆ ಅಶೋಕ ಸಾಮ್ರಾಟನ ಶಾಸನಗಳಿವೆ. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಸಿಗುತ್ತದೆ ಎಂಬುದು ಅವುಗಳ ಸಂದೇಶ. ಅವನ 4ನೆಯ ಬೃಹತ್ ಶಿಲಾಶಾಸನ ಭೇರಿಯ ಸದ್ದೇ ಧಮ್ಮದ ಸದ್ದಾಯಿತು ಎಂದು ಸಾರುತ್ತದೆ. ಚರ್ಮವಾದ್ಯವನ್ನು ಯಾರ ಅಪ್ಪಣೆಗೆ, ಯಾತಕ್ಕಾಗಿ ಬಾರಿಸುತ್ತೇವೆ ಎಂಬುದೇ ಬದಲಾದರೆ ಸದ್ದಿನ ಅರ್ಥವೂ ಬದಲಾಗುತ್ತದೆ.

ಮರುದಿನ ಮನೆಯವಳಿಗೆ ನಿಜ ಹೇಳಿ ತಪ್ಪೊಪ್ಪಿಕೊಂಡೆ. ಮಾಳಿಗಿ ದುಡ್ಡನ್ನು ತಿಂಗಳು ತಿಂಗಳು ಕೂಡಿಸಿದೆ, ಬೇಸಿಗೆಯಲ್ಲಿ ರಿಪೇರಿ ಆಯಿತು. ಗಿಟಾರ್ ಈಗ ನನ್ನದಲ್ಲ, ಮನೆಯದು. ನನಗಿಂತ ಚೆನ್ನಾಗಿ ಮಗಳು ನುಡಿಸುತ್ತಾಳೆ. ಹುಣ್ಣಿಮೆಗೆ ಅಷ್ಟಶೀಲ ಹಿಡಿದ ದಿನ ಅದಕ್ಕೆ ಬಟ್ಟೆ ಹೊದಿಸಿ ಇಡುತ್ತೇವೆ. ಬಿಟ್ಟಿರಲು ಬಂದರೆ ಮಾತ್ರ ಇಟ್ಟುಕೊಳ್ಳುವ ಯೋಗ್ಯತೆ ಎಂದು ಆ ದಿನ ಗೊತ್ತಾಗುತ್ತದೆ.

ಮೊನ್ನೆ ವಂದನೆ ಮುಗಿದ ಮೇಲೆ ಮಗಳು ನುಡಿಸುತ್ತಿದ್ದಳು. ಅಪ್ಪ ಗೋಡೆಗೆ ಒರಗಿ ಎರಡು ಬೆರಳಿಂದ ಕಟ್ಟಿಗೆ ಪೆಟ್ಟಿಗೆಯ ಮೇಲೆ ತಾಳ ಹಾಕುತ್ತಿದ್ದ. ನಾನು ನೋಡಿದ್ದು ಕಂಡು ಕೈ ನಿಲ್ಲಿಸಿದ. ಆಮೇಲೆ ತಾನೇ ಹೇಳಿದ: "ಯಾರೂ ಕರದಿಲ್ಲಲ್ಲ. ನನಗ ಬೇಕನಸ್ತು, ಬಾರಸೀನಿ."

ಮತ್ತೆ ತಾಳ ಹಾಕಿದ.

*ಇಂದಿನ ಅಭ್ಯಾಸ:* ನಿಮ್ಮ ಮನೆಯ ಹಿರಿಯರ ಹತ್ತಿರ ಹತ್ತು ನಿಮಿಷ ಕೂತುಕೊಳ್ಳಿ. ಅವರು ಯಾವ ಕೆಲಸ ಬಿಟ್ಟು ಬಂದರು, ಬಿಡಲು ಏನು ಬೆಲೆ ಕೊಟ್ಟರು, ಆ ಕೆಲಸದಲ್ಲಿ ಅವರಿಗೆ ಏನು ಬರುತ್ತಿತ್ತು ಎಂದು ಕೇಳಿ. ನಡುವೆ ಮಾತಾಡಬೇಡಿ.

ಭವತು ಸಬ್ಬ ಮಂಗಲಂ
ಸಾಧು! ಸಾಧು! ಸಾಧು! 🙏